ಆರ್‌ಎ ಇರುವ ಅಮ್ಮನಿಗೆ ಮೆಟ್ಟಿಲು ಹತ್ತಿದರೆ ಏದುಸಿರು: ಇದು ವಾತದ ಸುಸ್ತೋ, ಹೃದಯದ್ದೋ?

ಹಾಸನದ ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 57 ವರ್ಷ. ರುಮಟಾಯ್ಡ್ ಆರ್ಥರೈಟಿಸ್ (ಆರ್‌ಎ, ಕೀಲು ಊದಿ ನೋಯುವ ವಾತ) ಶುರುವಾಗಿ ಹತ್ತು ವರ್ಷ ದಾಟಿದೆ. ಈ ಕಾಯಿಲೆಗೆ ಮಾಡಿಸುವ ರಕ್ತಪರೀಕ್ಷೆಗಳು, ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಎರಡೂ ಪಾಸಿಟಿವ್. ಕಾಯಿಲೆ ಹತೋಟಿಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ಅದರ ಜೊತೆ ಫೋಲಿಕ್ ಆಸಿಡ್, ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್. ಬಿಪಿಗೆ ಒಂದು ಮಾತ್ರೆ. ಶುಗರ್ ಇಲ್ಲ. ನೋವು ಕೆರಳಿದ ದಿನಗಳಲ್ಲಿ ಬೆಳಗ್ಗೆ ಕೈಬೆರಳು ಮಡಚಲು ಒಂದು ಗಂಟೆ ಬೇಕು. ಆಗ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ತರಿಸಿಕೊಂಡು ನುಂಗುತ್ತಾರೆ. ಯಾವಾಗಲೋ ಡಾಕ್ಟರು ಬರೆದುಕೊಟ್ಟಿದ್ದ ಸ್ಟೀರಾಯ್ಡ್ ಮಾತ್ರೆಯೂ ಮನೆಯಲ್ಲಿ ಇದ್ದೇ ಇರುತ್ತದೆ, ತಡೆಯಲಾಗದಿದ್ದರೆ ಅದೂ ಒಂದು.

ಈಗ ಕೆಲವು ತಿಂಗಳಿಂದ ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದೆ. ಎದೆನೋವು ಇಲ್ಲ. ಕೇಳಿದರೆ "ಇದು ವಾತದ ಸುಸ್ತು ಕಣೇ" ಎಂದು ಮಾತು ಮುಗಿಸುತ್ತಾರೆ. ಊರಿನ ಡಾಕ್ಟರು ಕೊಲೆಸ್ಟ್ರಾಲ್ ಮಾಡಿಸಿದರು. ಒಟ್ಟು 168, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 98 ಬಂತು. ಚೆನ್ನಾಗಿದೆ, ಹೃದಯದ ಚಿಂತೆ ಬೇಡ ಅಂದರು. ಅದೇ ಹಾಳೆಯಲ್ಲಿ ಮೈಯ ಉರಿಯೂತ ತೋರಿಸುವ ಇಎಸ್‌ಆರ್ 74 ಇತ್ತು, ಜಾಸ್ತಿಯೇ. ಅದು ಹೇಗೂ ವಾತದ್ದು ಅಂತ ಬಿಟ್ಟರು. ಬೆಂಗಳೂರಿನ ರುಮಟಾಲಜಿಸ್ಟ್ (ವಾತರೋಗ ತಜ್ಞರು) ಹತ್ತಿರ ಹೋದಾಗ ಅವರು ಕೀಲು ಒತ್ತಿ ನೋಡುತ್ತಾರೆ, ಲಿವರ್ ಟೆಸ್ಟ್ ನೋಡುತ್ತಾರೆ, ಔಷಧ ಬರೆಯುತ್ತಾರೆ. ಹೃದಯದ ಮಾತೇ ಬರುವುದಿಲ್ಲ.

ನಮ್ಮ ಬೀದಿಯಲ್ಲೇ ಆರ್‌ಎ ಇರುವ ಇನ್ನೊಬ್ಬರಿಗೆ ಈಚೆಗೆ ಸ್ಟೆಂಟ್ ಹಾಕಿದರು. ಅವರ ಮಗ "ಈ ಕಾಯಿಲೆ ಇರುವವರಿಗೆ ಹಾರ್ಟ್ ತೊಂದರೆ ಜಾಸ್ತಿಯಂತೆ, ನೀವೂ ತೋರಿಸಿ" ಅಂದ. ಆಗಿನಿಂದ ನನಗೆ ನಿದ್ದೆ ಇಲ್ಲ. ಇದು ನಿಜವಾ? ಎಷ್ಟು ಜಾಸ್ತಿ? ಕೊಲೆಸ್ಟ್ರಾಲ್ ನಾರ್ಮಲ್ ಇದ್ದರೂ ಬರುತ್ತದಾ? ಯಾವ ಡಾಕ್ಟರ ಹತ್ತಿರ ಹೋಗಬೇಕು, ಏನೇನು ಟೆಸ್ಟ್ ಕೇಳಬೇಕು? ಗೊತ್ತಿರುವವರು ಹೇಳಿ.

ಧಾರವಾಡದ ಫಿಜಿಶಿಯನ್

ಮೊದಲು ತುರ್ತಿನ ಮಾತು. ಹೊಸದಾಗಿ ಶುರುವಾದ ಏದುಸಿರನ್ನು ವಾತದ ಸುಸ್ತು ಎಂದು ಬಿಡಬೇಡಿ. ಈ ವಾರವೇ ಒಬ್ಬ ಫಿಜಿಶಿಯನ್ ಹತ್ತಿರ ಕರೆದುಕೊಂಡು ಹೋಗಿ. ಈಸಿಜಿ, ಎಕೋ (ಹೃದಯದ ಸ್ಕ್ಯಾನ್), ಹೀಮೋಗ್ಲೋಬಿನ್, ಎದೆಯ ಎಕ್ಸ್‌ರೇ ಈ ನಾಲ್ಕು ಆಗಲಿ. ಆರ್‌ಎ ಇರುವವರಲ್ಲಿ ಏದುಸಿರಿಗೆ ಕಾರಣ ಹೃದಯ ಒಂದೇ ಅಲ್ಲ. ರಕ್ತಹೀನತೆ ಇರಬಹುದು. ಶ್ವಾಸಕೋಶಕ್ಕೆ ಈ ಕಾಯಿಲೆಯೇ ತಗುಲಿರಬಹುದು, ಅಪರೂಪಕ್ಕೆ ಮೆಥೊಟ್ರೆಕ್ಸೇಟ್‌ನಿಂದಲೂ ಆಗುತ್ತದೆ. ನೋಡದೆ ಹೇಳಲು ಬರುವುದಿಲ್ಲ. ಕೂತಲ್ಲೇ ಏದುಸಿರು, ಕಾಲು ಊತ, ರಾತ್ರಿ ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುವುದು, ಇವುಗಳಲ್ಲಿ ಒಂದಿದ್ದರೂ ವಾರ ಕಾಯಬೇಡಿ, ಇವತ್ತೇ ಹೋಗಿ.

ಈಗ ನಿಮ್ಮ ಪ್ರಶ್ನೆ. ಹೌದು, ನಿಜ. ಆರ್‌ಎ ಇರುವವರಿಗೆ ಹೃದಯಾಘಾತ, ಪಾರ್ಶ್ವವಾಯು ಬರುವ ಸಾಧ್ಯತೆ ಅದೇ ವಯಸ್ಸಿನ ಬೇರೆಯವರಿಗಿಂತ ಸುಮಾರು ಒಂದೂವರೆ ಪಟ್ಟು. ಹೃದಯ ಸೋಲುವ (ಹಾರ್ಟ್ ಫೇಲ್ಯೂರ್) ಸಾಧ್ಯತೆಯೂ ಜಾಸ್ತಿ. ಇದನ್ನು ಕೇಳಿ ಗಾಬರಿಯಾಗಬೇಡಿ. ಒಂದೂವರೆ ಪಟ್ಟು ಅಂದರೆ ಎಲ್ಲರಿಗೂ ಬರುತ್ತದೆ ಅಂತಲ್ಲ. ಹತ್ತು ವರ್ಷದಲ್ಲಿ ನೂರಕ್ಕೆ ಆರು ಮಂದಿಗೆ ಬರಬಹುದಾದ ಕಡೆ ಒಂಬತ್ತು ಮಂದಿಗೆ ಬರಬಹುದು, ಲೆಕ್ಕ ಹಾಗೆ. ಆದರೆ ನಮ್ಮವರ ವಿಷಯದಲ್ಲಿ ಆ ಆರು ಎಂಬ ಮೂಲ ಸಂಖ್ಯೆಯೇ ದೊಡ್ಡದು. ಇಂಟರ್‌ಹಾರ್ಟ್ ಎಂಬ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ಸರಾಸರಿ ವಯಸ್ಸು 53, ಉಳಿದ ಕಡೆ ಸುಮಾರು 59. ಅದರ ಮೇಲೆ ಆರ್‌ಎ ಸೇರಿದರೆ ಹುಷಾರಾಗಿ ಇರಲೇಬೇಕು, ಅಲ್ವಾ?

ಯಾಕೆ ಹೀಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ಅರ್ಥವಾದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ಆರ್‌ಎ ಕೀಲಿನ ಕಾಯಿಲೆ ಎಂದು ನಾವು ಕರೆಯುತ್ತೇವೆ, ಆದರೆ ಅದು ಇಡೀ ಮೈಯ ಉರಿಯೂತದ ಕಾಯಿಲೆ. ಬೆರಳ ಗಿಣ್ಣು ಊದುವಂತೆ ಮಾಡುವ ಟಿಎನ್‌ಎಫ್, ಇಂಟರ್‌ಲ್ಯೂಕಿನ್ 6 ಮುಂತಾದ ಅದೇ ರಾಸಾಯನಿಕಗಳು ರಕ್ತದಲ್ಲಿ ಸುತ್ತುತ್ತಾ ರಕ್ತನಾಳದ ಒಳಪದರವನ್ನೂ ಕೆಡಿಸುತ್ತವೆ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸೇರಿ ಗಡ್ಡೆ ಕಟ್ಟುವುದು ಎಲ್ಲರಿಗೂ ಇರುವುದೇ. ಉರಿಯೂತ ಇದ್ದರೆ ಆ ಗಡ್ಡೆಯ ಮೇಲಿನ ಮುಚ್ಚಿಗೆ ಹಾಲಿನ ಕೆನೆಯ ಹಾಗೆ ತೆಳುವಾಗಿ, ಬೇಗ ಒಡೆಯುತ್ತದೆ. ಒಡೆದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದರೆ ಅದೇ ಹೃದಯಾಘಾತ. ಹಾಗಾಗಿ ದೊಡ್ಡ ಬ್ಲಾಕ್ ಇಲ್ಲದವರಿಗೂ ಆಘಾತ ಆಗಬಹುದು.

ಈಗ ಕೊಲೆಸ್ಟ್ರಾಲ್ ವಿಷಯ. ಇಲ್ಲಿ ಬಹಳ ಜನ ಎಡವುತ್ತಾರೆ, ವೈದ್ಯರೂ ಸೇರಿ. ಉರಿಯೂತ ಜೋರಾಗಿರುವಾಗ ಒಟ್ಟು ಕೊಲೆಸ್ಟ್ರಾಲ್, ಎಲ್‌ಡಿಎಲ್ ಎರಡೂ ಇಳಿಯುತ್ತವೆ. ಅಪಾಯ ಮಾತ್ರ ಇಳಿಯುವುದಿಲ್ಲ, ಏರುತ್ತದೆ. ಇಎಸ್‌ಆರ್ 74 ಇರುವಾಗ ಬಂದ ಎಲ್‌ಡಿಎಲ್ 98 ನಿಮ್ಮ ತಾಯಿಯ ನಿಜವಾದ ಸಂಖ್ಯೆ ಅಲ್ಲದಿರಬಹುದು. ಕಾಯಿಲೆ ಹತೋಟಿಗೆ ಬಂದ ಮೇಲೆ ಮತ್ತೆ ಮಾಡಿಸಿ, ಆಗ ಏರಿರಬಹುದು. ಆಗ "ಔಷಧದಿಂದ ಕೊಲೆಸ್ಟ್ರಾಲ್ ಬಂತು" ಎಂದು ಆರ್‌ಎ ಔಷಧ ಬಿಡಬೇಡಿ. ಮುಚ್ಚಿಟ್ಟಿದ್ದ ಸಂಖ್ಯೆ ಹೊರಬಂದಿರುತ್ತದೆ, ಅಷ್ಟೆ.

ಯೂರೋಪಿನ ರುಮಟಾಲಜಿ ಒಕ್ಕೂಟ ಯೂಲಾರ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಕೊಬ್ಬಿನ ಪರೀಕ್ಷೆ ಕಾಯಿಲೆ ಶಾಂತವಾಗಿರುವಾಗ ಆಗಬೇಕು. ಹೃದಯದ ಅಪಾಯದ ಲೆಕ್ಕ ಕನಿಷ್ಠ ಐದು ವರ್ಷಕ್ಕೊಮ್ಮೆ ಹಾಕಬೇಕು. ಲೆಕ್ಕ ಹಾಕುವ ಸೂತ್ರದಲ್ಲಿ ಆರ್‌ಎ ಸೇರಿಲ್ಲದಿದ್ದರೆ ಬಂದ ಉತ್ತರವನ್ನು 1.5ರಿಂದ ಗುಣಿಸಬೇಕು. ಬ್ರಿಟನ್ನಿನ ಕ್ಯೂರಿಸ್ಕ್ 3 ಎಂಬ ಸೂತ್ರದಲ್ಲಿ ಆರ್‌ಎ ಮೊದಲೇ ಸೇರಿದೆ, ಸ್ಟೀರಾಯ್ಡ್ ಕೂಡ ಸೇರಿದೆ, ಅದನ್ನು ಮತ್ತೆ ಗುಣಿಸಬಾರದು. ಅಮೆರಿಕದ 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿಯಲ್ಲೂ ಆರ್‌ಎ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿದೆ, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಡಬೇಕೋ ಬೇಡವೋ ಎಂಬ ಅನುಮಾನ ಬಂದಾಗ ಕೊಡುವ ಕಡೆಗೆ ಅದು ತೂಗುತ್ತದೆ.

ನನಗೆ ನಿಜವಾಗಿ ಬೇಸರ ತರುವುದು ಬೇರೆ. ಕೀಲು ನೋಡುವವರು ಹೃದಯ ಫಿಜಿಶಿಯನ್ ಕೆಲಸ ಅಂದುಕೊಳ್ಳುತ್ತಾರೆ. ಫಿಜಿಶಿಯನ್ ಆರ್‌ಎ ರೋಗಿ ಎಂದರೆ ಅದು ರುಮಟಾಲಜಿಸ್ಟ್ ರೋಗಿ ಅಂದುಕೊಳ್ಳುತ್ತಾರೆ. ನಡುವೆ ಈ ಲೆಕ್ಕ ಯಾರೂ ಹಾಕುವುದಿಲ್ಲ. ನೀವೇ ಬಾಯಿ ಬಿಟ್ಟು ಕೇಳಿ, "ನಮ್ಮ ಅಮ್ಮನ ಹೃದಯದ ಅಪಾಯ ನೋಡುವವರು ನಿಮ್ಮಿಬ್ಬರಲ್ಲಿ ಯಾರು?" ಎಂದು. ಇಬ್ಬರಲ್ಲಿ ಒಬ್ಬರು ಒಪ್ಪಿಕೊಳ್ಳಲಿ, ಅವರ ಹೆಸರನ್ನು ಫೈಲಿನ ಮೇಲೆ ಬರೆದಿಡಿ.

ಮೈಸೂರು ಬೆಳಗು

ಮಗಳೇ, ನನಗೂ ಇದೇ ಕಾಯಿಲೆ, ನಿಮ್ಮ ತಾಯಿಗಿಂತ ಕೆಲವು ವರ್ಷ ದೊಡ್ಡವಳು. ಡಾಕ್ಟರು ಹೇಳಿದ್ದರಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಏದುಸಿರಿನ ಮಾತು. ನಾವು ವರ್ಷಗಟ್ಟಲೆ ನೋವಿನ ಜೊತೆ ಬದುಕಿದವರು. ಭುಜ ನೋಯುತ್ತದೆ, ಕತ್ತು ಹಿಡಿಯುತ್ತದೆ, ದವಡೆಯ ಕೀಲು ಕೂಡ ನೋಯುತ್ತದೆ. ಹೃದಯದ ನೋವು ಬರುವುದೂ ಇದೇ ಜಾಗಗಳಿಗೆ. ಎಡಭುಜ ನೋಯುತ್ತಿದೆ ಎಂದರೆ ನಾವು ಎಣ್ಣೆ ಹಚ್ಚಿ ಬಿಸಿನೀರು ಹಾಕಿಕೊಂಡು ಮಲಗುತ್ತೇವೆ. ನೋವಿನ ಮಾತ್ರೆ ಬೇರೆ ಹೊಟ್ಟೆಯಲ್ಲಿ ಇರುತ್ತದೆ. ಹೀಗಿರುವಾಗ ಎದೆ ಹಿಡಿದು ಬೀಳುವ ತನಕ ಯಾರಿಗೆ ತಿಳಿಯಬೇಕು? ನಿಮ್ಮ ಅಮ್ಮ "ಎದೆನೋವು ಇಲ್ಲ" ಅಂದದ್ದನ್ನು ಸಮಾಧಾನ ಅಂದುಕೊಳ್ಳಬೇಡಿ.

ಟೆಸ್ಟ್ ಬಗ್ಗೆ ಒಂದು ಮಾತು. ನನಗೆ ಟಿಎಂಟಿ ಬರೆದುಕೊಟ್ಟಿದ್ದರು, ಅಂದರೆ ಓಡುವ ಬೆಲ್ಟ್ ಮೇಲೆ ನಡೆಸಿ ಈಸಿಜಿ ನೋಡುವುದು. ಮಂಡಿ, ಪಾದ ಎರಡೂ ಕೆಟ್ಟಿರುವ ನನ್ನನ್ನು ಅದರ ಮೇಲೆ ಹತ್ತಿಸಿದರೆ ಹೃದಯ ಬಡಿತ ಏರುವ ಮೊದಲೇ ಕಾಲು ನಿಂತುಬಿಡುತ್ತದೆ. ರಿಪೋರ್ಟಿನಲ್ಲಿ ಪರೀಕ್ಷೆ ಪೂರ್ತಿಯಾಗಲಿಲ್ಲ ಎಂದು ಬಂತು, ಅದರಿಂದ ಏನೂ ತಿಳಿಯಲಿಲ್ಲ. ಆಮೇಲೆ ಮಲಗಿಸಿಕೊಂಡು ಡ್ರಿಪ್‌ನಲ್ಲಿ ಔಷಧ ಕೊಟ್ಟು ಹೃದಯ ಬಡಿತ ಏರಿಸಿ ಎಕೋ ಮಾಡಿದರು, ಅದಕ್ಕೆ ಡೊಬ್ಯುಟಮಿನ್ ಸ್ಟ್ರೆಸ್ ಎಕೋ ಅನ್ನುತ್ತಾರೆ. ಹೃದಯದ ರಕ್ತನಾಳಗಳನ್ನು ಸ್ಕ್ಯಾನ್‌ನಲ್ಲಿ ನೋಡುವ ಸಿಟಿ ಆಂಜಿಯೋ ಎಂಬ ದಾರಿಯೂ ಇದೆ. ನಡೆಯಲಾಗದವರು ಟಿಎಂಟಿಗೆ ಸುಮ್ನೆ ದುಡ್ಡು ಕಟ್ಟುವ ಮೊದಲು "ನನ್ನ ಕಾಲಿಗೆ ಇದು ಆಗುತ್ತದಾ" ಎಂದು ಕೇಳಿ.

ಸ್ಟ್ಯಾಟಿನ್ ಬಗ್ಗೆ ನನಗೆ ಭಯವಿತ್ತು. ಮೊದಲೇ ಮೈಕೈ ನೋವು, ಇದು ಇನ್ನಷ್ಟು ಮಾಡಿದರೆ ಎಂದು. ಸಣ್ಣ ಡೋಸ್‌ನಿಂದ ಶುರು ಮಾಡಿದರು, ನನಗೆ ಏನೂ ಆಗಲಿಲ್ಲ. ಎಲ್ಲರಿಗೂ ಹಾಗೇ ಅಂತ ಹೇಳಲಾರೆ.

ಇನ್ನೊಂದು ವಿಷಯ ಕೇಳಲು ಮುಜುಗರವಾದರೂ ಕೇಳಿ. ಅಮ್ಮ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಾರಾ? ನಮ್ಮ ಕಡೆ ಹೆಂಗಸರು ಬೀಡಿ ಸಿಗರೇಟು ಮುಟ್ಟದಿದ್ದರೂ ಹೊಗೆಸೊಪ್ಪು, ಕಡ್ಡಿಪುಡಿ ಬಾಯಲ್ಲಿ ಇಟ್ಟುಕೊಳ್ಳುವುದುಂಟು. ಡಾಕ್ಟರು "ಸ್ಮೋಕಿಂಗ್ ಇದೆಯಾ" ಎಂದು ಕೇಳಿದರೆ ಇಲ್ಲ ಎಂದು ಬರುತ್ತದೆ, ಅಲ್ಲಿಗೆ ಮುಗಿಯಿತು. ಅಗಿಯುವ ತಂಬಾಕೂ ಹೃದಯಕ್ಕೆ ಕೆಟ್ಟದ್ದೇ. ಇನ್ನು ಬೀಡಿ ಸಿಗರೇಟಿನ ಹೊಗೆಯಂತೂ ಈ ಕಾಯಿಲೆಯನ್ನೇ ತರಬಹುದು, ಇರುವುದನ್ನು ಜೋರು ಮಾಡುತ್ತದೆ. ಮನೆಯಲ್ಲಿ ಗಂಡಸರು ಸೇದುತ್ತಿದ್ದರೆ ಅವರ ಜೊತೆಯೂ ಮಾತಾಡಿ.

ನಡಿಗೆ ಬಿಡಿಸಬೇಡಿ. ಊತ ಇರುವ ದಿನ ವಿಶ್ರಾಂತಿ ಸರಿ. ಉಳಿದ ದಿನ ಮನೆ ಮುಂದೆಯೇ ಹತ್ತತ್ತು ನಿಮಿಷ, ಮೆತ್ತನೆಯ ಚಪ್ಪಲಿ ಹಾಕಿಕೊಂಡು. ಆದರೆ ಇದು ಏದುಸಿರಿನ ಕಾರಣ ತಿಳಿದ ಮೇಲೆ, ಅದಕ್ಕೆ ಮೊದಲಲ್ಲ.

ಮಾತ್ರೆ ಅಂಗಡಿ

ನಾನು ಫಾರ್ಮಸಿಸ್ಟ್. ಕೌಂಟರ್ ಹಿಂದೆ ನಿಂತು ನೋಡುವ ನನಗೆ ಈ ಪ್ರಶ್ನೆಯಲ್ಲಿ ಕಣ್ಣಿಗೆ ಬಿದ್ದದ್ದು ಒಂದೇ, ಆ ಡೈಕ್ಲೋಫೆನಾಕ್.

ನೋವಿನ ಮಾತ್ರೆ ಎಂದರೆ ಹೊಟ್ಟೆ ಉರಿ, ಕಿಡ್ನಿ ಇಷ್ಟೇ ಜನರಿಗೆ ಗೊತ್ತು. ಹೃದಯಕ್ಕೂ ತೊಂದರೆ ಎಂಬುದು ಜಗತ್ತಿಗೆ ದೊಡ್ಡದಾಗಿ ತಿಳಿದದ್ದು ರೋಫೆಕಾಕ್ಸಿಬ್ ಕತೆಯಿಂದ. ವಯಾಕ್ಸ್ ಎಂಬ ಹೆಸರಲ್ಲಿ ಮಾರುತ್ತಿದ್ದ ಆ ಮಾತ್ರೆಯನ್ನು ಹೃದಯಾಘಾತ ಜಾಸ್ತಿಯಾಗುತ್ತದೆ ಎಂದು 2004ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಯಿಂದ ವಾಪಸ್ ತೆಗೆದರು. ಆಮೇಲೆ ಉಳಿದವುಗಳನ್ನೂ ಕೆದಕಿ ನೋಡಿದಾಗ ಹಳೆಯ ಡೈಕ್ಲೋಫೆನಾಕ್ ಕೂಡ ಅದೇ ಸಾಲಿಗೆ ಹತ್ತಿರ ಬಂತು. ಹೃದಯದ ಕಾಯಿಲೆ ಈಗಾಗಲೇ ಇರುವವರಿಗೆ ಡೈಕ್ಲೋಫೆನಾಕ್ ಕೊಡಲೇಬಾರದು ಎಂದು ಯೂರೋಪಿನ ಔಷಧ ಸಂಸ್ಥೆ 2013ರಲ್ಲಿ ಹೇಳಿತು. ನಮ್ಮಲ್ಲಿ ಇವತ್ತಿಗೂ ಚೀಟಿ ಇಲ್ಲದೆ ಸ್ಟ್ರಿಪ್‌ಗಟ್ಟಲೆ ಹೋಗುತ್ತದೆ. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಕೇಳುವವರು ನಿಜವಾಗಿಯೂ ನೋವಿನಲ್ಲಿ ಇರುತ್ತಾರೆ, ಕೊಡುವುದಿಲ್ಲ ಎಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಈ ಗುಂಪಿನ ಮಾತ್ರೆಗಳು ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತವೆ. ಬಿಪಿ ಏರುತ್ತದೆ, ಬಿಪಿ ಮಾತ್ರೆಯ ಕೆಲಸ ಕುಗ್ಗುತ್ತದೆ. ಹೃದಯ ಸ್ವಲ್ಪ ಸೋತಿದ್ದರೆ ಏದುಸಿರು ಇದರಿಂದಲೇ ಜೋರಾಗಬಹುದು. ಇದೇ ಗುಂಪಿನ ಎಟೋರಿಕಾಕ್ಸಿಬ್ ನುಂಗುವವರು ಬಿಪಿ ನೋಡಿಸುತ್ತಲೇ ಇರಬೇಕು. ಹಾಗಾದರೆ ಯಾವುದು ಒಳ್ಳೆಯದು? 2016ರಲ್ಲಿ ಬಂದ ಪ್ರಿಸಿಷನ್ ಅಧ್ಯಯನದಲ್ಲಿ ಕೀಲು ನೋವಿನ ಜೊತೆ ಹೃದಯದ ಅಪಾಯವೂ ಜಾಸ್ತಿ ಇದ್ದವರಿಗೆ ಸೆಲೆಕಾಕ್ಸಿಬ್, ನ್ಯಾಪ್ರೊಕ್ಸೆನ್, ಐಬುಪ್ರೊಫೆನ್ ಕೊಟ್ಟು ಹೋಲಿಸಿದರು. ಮಧ್ಯಮ ಡೋಸ್‌ನ ಸೆಲೆಕಾಕ್ಸಿಬ್ ಉಳಿದೆರಡಕ್ಕಿಂತ ಹೃದಯಕ್ಕೆ ಕೆಟ್ಟದ್ದಾಗಿ ಕಾಣಲಿಲ್ಲ. ಅಂದರೆ ಆಯ್ಕೆ ಇದೆ. ಯಾರಿಗೆ ಯಾವುದು ಎಂಬುದು ಅವರ ಹೊಟ್ಟೆ, ಕಿಡ್ನಿ, ಬಿಪಿ ಎಲ್ಲ ನೋಡಿ ಡಾಕ್ಟರು ಹೇಳಬೇಕಾದದ್ದು. ಯಾವುದಾದರೂ ಕಡಿಮೆ ಡೋಸ್, ಕಡಿಮೆ ದಿನ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ತಿಂಗಳಿಗೆ ಹಲವು ಸಲ ನೋವಿನ ಮಾತ್ರೆ ಬೇಕಾಗುತ್ತಿದೆ ಎಂದರೆ ಮೂಲ ಔಷಧ ಸಾಲುತ್ತಿಲ್ಲ ಎಂದೇ ಅರ್ಥ. ಇಎಸ್‌ಆರ್ 74 ಅದನ್ನೇ ಹೇಳುತ್ತಿದೆ. ರುಮಟಾಲಜಿಸ್ಟ್‌ಗೆ ನುಂಗಿದ ಮಾತ್ರೆಗಳ ಲೆಕ್ಕ ಕೊಡಿ. ಹೆಚ್ಚಿನವರು ಅವರ ಮುಂದೆ "ಪರವಾಗಿಲ್ಲ" ಎಂದು ಬಂದುಬಿಡುತ್ತಾರೆ, ಹೊರಗೆ ಬಂದು ನಮ್ಮ ಹತ್ತಿರ ಸ್ಟ್ರಿಪ್ ಕೇಳುತ್ತಾರೆ.

ಸ್ಟೀರಾಯ್ಡ್ ಕೂಡ ಹಾಗೇ. ಶುಗರ್, ಬಿಪಿ, ತೂಕ ಮೂರನ್ನೂ ಏರಿಸುತ್ತದೆ. ದಿನಾ ನುಂಗುತ್ತಿದ್ದರೆ ಒಮ್ಮೆಗೇ ನಿಲ್ಲಿಸಬೇಡಿ, ಅದು ಅಪಾಯ, ಡಾಕ್ಟರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು. ಮತ್ತೆ, ಯಾರೋ ಕೊಟ್ಟ ಹೆಸರಿಲ್ಲದ ಪುಡಿ, ಕಪ್ಪು ಗುಳಿಗೆ ಎರಡೇ ದಿನಕ್ಕೆ ಪವಾಡದ ಹಾಗೆ ನೋವು ತೆಗೆದರೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಾಧ್ಯತೆ ಇದೆ. ಅಮ್ಮ ಅಂಥದ್ದೇನಾದರೂ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಮುಚ್ಚಿಡಬೇಡಿ.

ತುಮಕೂರು ತಮ್ಮ

ನಡುವೆ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಅಕ್ಕನಿಗೆ 44 ವರ್ಷ, ಆರ್‌ಎಗೆ ಟೋಫಾಸಿಟಿನಿಬ್ ಕೊಟ್ಟಿದ್ದಾರೆ. ಕೈ ಚೆನ್ನಾಗಿ ಆಡುತ್ತಿದೆ, ಈಗ ರೊಟ್ಟಿಯನ್ನೂ ತಟ್ಟುತ್ತಾಳೆ. ಆದರೆ ಆ ಮಾತ್ರೆಗೇ ಹೃದಯದ ಎಚ್ಚರಿಕೆ ಇದೆ ಎಂದು ಓದಿದೆ. ಒಂದು ಕಡೆ ಉರಿಯೂತ ಇಳಿಸಿದರೆ ಹೃದಯಕ್ಕೆ ಒಳ್ಳೆಯದು ಅನ್ನುತ್ತೀರಿ, ಇನ್ನೊಂದು ಕಡೆ ಉರಿಯೂತ ಇಳಿಸುವ ಮಾತ್ರೆಯೇ ಹೃದಯಕ್ಕೆ ಕೆಟ್ಟದ್ದು ಅಂದರೆ ನಾವು ಏನು ಮಾಡಬೇಕು?

ಧಾರವಾಡದ ಫಿಜಿಶಿಯನ್

ಒಳ್ಳೆಯ ಪ್ರಶ್ನೆ. ಆ ಎಚ್ಚರಿಕೆ ಬಂದದ್ದು ಓರಲ್ ಸರ್ವೇಲನ್ಸ್ ಎಂಬ ಅಧ್ಯಯನದಿಂದ, 2022ರ ಜನವರಿಯಲ್ಲಿ ಪ್ರಕಟವಾಯಿತು. ಅದರಲ್ಲಿ ಇದ್ದವರೆಲ್ಲ 50 ದಾಟಿದವರು, ಜೊತೆಗೆ ಬಿಪಿ, ಶುಗರ್, ಸಿಗರೇಟು ಹೀಗೆ ಹೃದಯಕ್ಕೆ ಕೆಟ್ಟದಾದ ಅಂಶ ಒಂದಾದರೂ ಇದ್ದವರು. ಟೋಫಾಸಿಟಿನಿಬ್ ತೆಗೆದುಕೊಂಡವರಲ್ಲಿ ನೂರಕ್ಕೆ 3.4 ಮಂದಿಗೆ, ಟಿಎನ್‌ಎಫ್ ತಡೆಯುವ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ನೂರಕ್ಕೆ 2.5 ಮಂದಿಗೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಹೃದಯದಿಂದ ಸಾವು ಆಯಿತು. ಅದಕ್ಕೂ ಮುಂಚೆಯೇ, 2021ರಲ್ಲಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಠಿಣ ಎಚ್ಚರಿಕೆ ಹಾಕಿತ್ತು. ನೆನಪಿಡಿ, ಹೋಲಿಕೆ ಇನ್ನೊಂದು ಒಳ್ಳೆಯ ಔಷಧದ ಜೊತೆ. ಔಷಧ ಇಲ್ಲದೆ ಉರಿಯೂತ ಉರಿಯಲು ಬಿಟ್ಟವರ ಜೊತೆ ಅಲ್ಲ.

ನಿಮ್ಮ ಅಕ್ಕನಿಗೆ 44. ಬಿಪಿ, ಶುಗರ್ ಇಲ್ಲ, ತಂಬಾಕು ಇಲ್ಲ, ಹಿಂದೆ ಹೃದಯದ ತೊಂದರೆ ಆಗಿಲ್ಲ, ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿಲ್ಲ ಎಂದಾದರೆ ಚಿತ್ರ ಬೇರೆ. ಇವುಗಳಲ್ಲಿ ಯಾವುದಾದರೂ ಇದ್ದರೆ ರುಮಟಾಲಜಿಸ್ಟ್ ಜೊತೆ ಮಾತಾಡಿ. ತಾನಾಗಿ ನಿಲ್ಲಿಸಬಾರದು. ನಿಲ್ಲಿಸಿದರೆ ಕೈ ಮತ್ತೆ ಹಿಡಿದುಕೊಳ್ಳುತ್ತದೆ, ಉರಿಯೂತ ಏರುತ್ತದೆ, ಅದೂ ಹೃದಯಕ್ಕೇ ಹೊಡೆತ.

ಉರಿಯೂತ ಇಳಿದರೆ ಒಳ್ಳೆಯದು ಎಂಬ ಮಾತು ನಿಜ, ಆದರೆ ಹೇಗೆ ಇಳಿಸುತ್ತೇವೆ ಎಂಬುದೂ ಮುಖ್ಯ. ಆರ್‌ಎ ಇರುವವರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಮೆಥೊಟ್ರೆಕ್ಸೇಟ್ ತೆಗೆದುಕೊಂಡವರಿಗೆ ಹೃದಯದ ತೊಂದರೆ ಕಡಿಮೆ ಕಂಡಿದೆ. ಆರ್‌ಎ ಇಲ್ಲದ ಹೃದ್ರೋಗಿಗಳಿಗೆ ಅದೇ ಔಷಧವನ್ನು ಸಣ್ಣ ಡೋಸ್‌ನಲ್ಲಿ ಕೊಟ್ಟು ನೋಡಿದಾಗ ಲಾಭ ಕಾಣಲಿಲ್ಲ. ಅಂದರೆ ಅದು ಹೃದಯದ ಔಷಧವಲ್ಲ, ಆರ್‌ಎ ಹತೋಟಿಗೆ ತಂದು ಆ ಮೂಲಕ ಕಾಯುತ್ತದೆ ಎಂದು ನಾನು ತಿಳಿಯುತ್ತೇನೆ. ಟಿಎನ್‌ಎಫ್ ತಡೆಯುವ ಇಂಜೆಕ್ಷನ್‌ಗಳೂ ಒಟ್ಟಾರೆ ಹೃದಯಾಘಾತದ ವಿಷಯದಲ್ಲಿ ಒಳ್ಳೆಯ ಕಡೆಗೇ ಇವೆ, ಆದರೆ ಹೃದಯ ತುಂಬಾ ಸೋತವರಿಗೆ ಅವನ್ನು ಕೊಡಬಾರದು. ಔಷಧ ಬದಲಿಸುವ ಮೊದಲು ಹೃದಯದ ಸ್ಥಿತಿ ತಿಳಿದಿರಬೇಕು ಎನ್ನುವುದು ಇದಕ್ಕೇ.

ಮೈಸೂರಿನವರು ಸ್ಟ್ಯಾಟಿನ್ ಬಗ್ಗೆ ಹೇಳಿದ್ದರಲ್ಲ, ಅದಕ್ಕೆ ಒಂದು ಸೇರಿಸುತ್ತೇನೆ. ಬ್ರಿಟನ್ನಿನಲ್ಲಿ ಸುಮಾರು 3,000 ಆರ್‌ಎ ರೋಗಿಗಳಿಗೆ ಅಟೋರ್ವಾಸ್ಟ್ಯಾಟಿನ್ 40 ಮಿಲಿಗ್ರಾಂ ಅಥವಾ ಸಕ್ಕರೆ ಗುಳಿಗೆಯಂಥ ಖಾಲಿ ಮಾತ್ರೆ ಕೊಟ್ಟು ನೋಡಿದರು. ಅಟೋರ್ವಾಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ ಹೃದಯದ ತೊಂದರೆಗಳು ಮೂರನೇ ಒಂದರಷ್ಟು ಕಡಿಮೆ ಕಂಡವು. ಆದರೆ ಒಟ್ಟು ಘಟನೆಗಳೇ ಕಡಿಮೆ ಇದ್ದುದರಿಂದ ಅಧ್ಯಯನವನ್ನು ಬೇಗ ನಿಲ್ಲಿಸಿದರು, ಹಾಗಾಗಿ ಇದು ಖಚಿತ ಪುರಾವೆ ಎಂದು ಹೇಳಲಾಗದು. ಎಲ್‌ಡಿಎಲ್ ಮಾತ್ರ ಚೆನ್ನಾಗಿ ಇಳಿಯಿತು, ಅಡ್ಡಪರಿಣಾಮ ಎರಡೂ ಕಡೆ ಹೆಚ್ಚು ಕಡಿಮೆ ಒಂದೇ.

ಮಲೆನಾಡು ಜೀಪು

ನಮ್ಮ ಕಡೆ ಆಸ್ಪತ್ರೆಗೆ ಹೋಗುವುದೇ ಒಂದು ಪ್ರಯಾಣ. ಆದ್ದರಿಂದ ಇದನ್ನು ಹೇಳುತ್ತೇನೆ. ಅಕಸ್ಮಾತ್ ಎದೆಯಲ್ಲಿ ಭಾರ, ತಣ್ಣನೆ ಬೆವರು, ವಾಕರಿಕೆ, ದವಡೆ ಅಥವಾ ಬೆನ್ನಿನಲ್ಲಿ ಹಿಡಿತ, ವಿಪರೀತ ಸುಸ್ತು ಒಟ್ಟಿಗೆ ಬಂದರೆ ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ಗಾಡಿಯಲ್ಲಿ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಬೆಂಗಳೂರಿಗೇ ಓಡಬೇಕು ಎಂದು ದಾರಿಯಲ್ಲಿ ಹೊತ್ತು ಕಳೆಯಬೇಡಿ. ರಾಜ್ಯ ಸರ್ಕಾರ 2023ರಲ್ಲಿ ಶುರು ಮಾಡಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಈಸಿಜಿ ತೆಗೆದು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಬೇಕೆಂದರೆ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ. ಆ ಇಂಜೆಕ್ಷನ್ ಬೇಗ ಬಿದ್ದಷ್ಟೂ ಒಳ್ಳೆಯದು. ನಿಮ್ಮ ತಾಲ್ಲೂಕಿನಲ್ಲಿ ಇದೆಯೇ ಎಂದು ಈಗಲೇ ವಿಚಾರಿಸಿಟ್ಟುಕೊಳ್ಳಿ. ಅಲ್ಲಿ "ಆರ್‌ಎ ಇದೆ, ಇಂತಿಂಥ ಮಾತ್ರೆ ನಡೆಯುತ್ತಿದೆ" ಎಂದು ಮೊದಲೇ ಹೇಳಿ. ಒಂದು ಚೀಟಿಯಲ್ಲಿ ಬರೆದು ಅಮ್ಮನ ಪರ್ಸ್‌ನಲ್ಲಿ ಇಡಿ.

ಹಾಸನದ ಮಗಳು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫಿಜಿಶಿಯನ್ ಹತ್ತಿರ ಹೋಗಿ ಬಂದೆವು. ಈಸಿಜಿಯಲ್ಲಿ ಹೊಸದೇನೂ ಇಲ್ಲವಂತೆ. ಹೀಮೋಗ್ಲೋಬಿನ್ 9.2 ಬಂದಿದೆ. ಬಿಪಿ 152/90 ಇತ್ತು, ಮಾತ್ರೆ ತೆಗೆದುಕೊಂಡೂ. ಡೈಕ್ಲೋಫೆನಾಕ್ ನಿಲ್ಲಿಸಿದ್ದಾರೆ. ಎಕ್ಸ್‌ರೇ ಆಯಿತು, ಎಕೋಗೆ ಮುಂದಿನ ವಾರ ಬರಲು ಹೇಳಿದ್ದಾರೆ. ರುಮಟಾಲಜಿಸ್ಟ್ ಅಪಾಯಿಂಟ್‌ಮೆಂಟ್ ಕೂಡ ಮುಂಚಿತವಾಗಿ ಸಿಕ್ಕಿತು. ಹೊಗೆಸೊಪ್ಪಿನ ಮಾತು ಕೇಳಿದೆ. ಹೌದು, ಇತ್ತು. ನನಗೆ ಗೊತ್ತೇ ಇರಲಿಲ್ಲ.

ಒಂದು ಕೇಳುವುದಿದೆ. ನೆಂಟರೊಬ್ಬರು "ಎಕೋ ಆಗುವ ತನಕ ದಿನಾ ಒಂದು ಚಿಕ್ಕ ಆಸ್ಪಿರಿನ್ ಕೊಡಿ, ರಕ್ತ ತೆಳುವಾಗಿರುತ್ತದೆ" ಎಂದು ಸ್ಟ್ರಿಪ್ ತಂದುಕೊಟ್ಟಿದ್ದಾರೆ. ಕೊಡಲಾ?

ಧಾರವಾಡದ ಫಿಜಿಶಿಯನ್

ಬೇಡ, ಸುಮ್ನೆ ಶುರು ಮಾಡಬೇಡಿ. ಹೃದಯಾಘಾತ ಆದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಆಸ್ಪಿರಿನ್ ಬೇಕೇ ಬೇಕು. ಏನೂ ಆಗದವರಿಗೆ ಮುನ್ನೆಚ್ಚರಿಕೆ ಎಂದು ಎಲ್ಲರಿಗೂ ಕೊಡುವ ಪದ್ಧತಿ ಈಗ ಇಲ್ಲ, ರಕ್ತಸ್ರಾವದ ಅಪಾಯ ಲಾಭವನ್ನು ನುಂಗಿಬಿಡುತ್ತದೆ. ನಿಮ್ಮ ತಾಯಿಯ ವಿಷಯದಲ್ಲಂತೂ ವರ್ಷಗಟ್ಟಲೆ ನೋವಿನ ಮಾತ್ರೆ, ಆಗಾಗ ಸ್ಟೀರಾಯ್ಡ್, ಈಗ ಹೀಮೋಗ್ಲೋಬಿನ್ 9.2. ಆ ರಕ್ತಹೀನತೆ ಉರಿಯೂತದಿಂದಲೇ ಇರಬಹುದು, ಅಥವಾ ಜಠರದಲ್ಲಿ ಹುಣ್ಣಾಗಿ ರಕ್ತ ನಿಧಾನವಾಗಿ ಸೋರುತ್ತಿರಬಹುದು. ಅದು ತಿಳಿಯುವ ಮೊದಲು ಆಸ್ಪಿರಿನ್ ಕೊಟ್ಟರೆ ಕಷ್ಟ. ಮಲ ಕಪ್ಪಗೆ ಹೋಗುತ್ತಿದೆಯಾ ಎಂದು ಕೇಳಿ, ಹಾಗಿದ್ದರೆ ಕಾಯದೆ ಇವತ್ತೇ ಡಾಕ್ಟರಿಗೆ ತೋರಿಸಿ. ಮೈಯಲ್ಲಿ ಕಬ್ಬಿಣಾಂಶ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಟೆಸ್ಟ್ ಬಗ್ಗೆಯೂ ಕೇಳಿ, ಆದರೆ ಉರಿಯೂತದಲ್ಲಿ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ, ಅದನ್ನು ಗಮನದಲ್ಲಿಟ್ಟು ಓದಬೇಕು.

ಮುಂದೆ ಎಂದಾದರೂ ಹೃದಯದ ಡಾಕ್ಟರೇ ಆಸ್ಪಿರಿನ್ ಬರೆದರೆ ಅದರ ಜೊತೆ ಐಬುಪ್ರೊಫೆನ್ ನುಂಗಬಾರದು, ಆಸ್ಪಿರಿನ್ ಕೆಲಸ ಮಾಡದ ಹಾಗೆ ಅದು ಅಡ್ಡ ಬರುತ್ತದೆ. ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿರಿ.

ಬಿಪಿ ಬಗ್ಗೆ ಹೆದರಬೇಡಿ. ಡೈಕ್ಲೋಫೆನಾಕ್ ನಿಂತಿದೆಯಲ್ಲ, ಕೆಲವು ದಿನದಲ್ಲಿ ತಾನೇ ಸ್ವಲ್ಪ ಇಳಿಯಬಹುದು. ಮನೆಯಲ್ಲೇ ಬೆಳಗ್ಗೆ ಸಂಜೆ ನೋಡಿ ಬರೆದಿಡಿ. ಬೆರಳು ಊದಿದ ಅಮ್ಮ ತಾವೇ ಬಿಪಿ ಯಂತ್ರದ ಪಟ್ಟಿ ಕಟ್ಟಿಕೊಳ್ಳುವುದು ಕಷ್ಟ, ನೀವೇ ಕಟ್ಟಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಸದ್ಯಕ್ಕೆ ಬೇಡ. ನೋವಿಗೆ ಈ ನಡುವೆ ಪ್ಯಾರಾಸಿಟಮಾಲ್ ಎಷ್ಟು ಕೊಡಬಹುದು ಎಂದು ಆ ಡಾಕ್ಟರನ್ನೇ ಕೇಳಿ, ಮೆಥೊಟ್ರೆಕ್ಸೇಟ್ ಇರುವುದರಿಂದ ಲಿವರ್ ರಿಪೋರ್ಟ್ ನೋಡಿ ಹೇಳಲಿ.

ಎಕೋ ದಿನ ಒಂದು ವಿಷಯ ನೆನಪಿರಲಿ. "ಪಂಪಿಂಗ್ 60 ಪರ್ಸೆಂಟ್ ಇದೆ, ನಾರ್ಮಲ್" ಎಂದಷ್ಟೇ ಹೇಳಿ ಕಳಿಸಿದರೆ ಅಲ್ಲಿಗೆ ನಿಲ್ಲಿಸಬೇಡಿ. ಆರ್‌ಎ ಇರುವವರಲ್ಲಿ ಹೃದಯ ಚೆನ್ನಾಗಿ ಹಿಂಡುತ್ತಿದ್ದರೂ ಗೋಡೆ ಬಿಗಿಯಾಗಿ ಸರಿಯಾಗಿ ಸಡಿಲವಾಗದ ತೊಂದರೆ ಇರುವುದುಂಟು, ಏದುಸಿರಿಗೆ ಅದೂ ಕಾರಣ. ಹೃದಯ ಸಡಿಲವಾಗುವುದು ಹೇಗಿದೆ, ಶ್ವಾಸಕೋಶದ ನಾಳದ ಒತ್ತಡ ಎಷ್ಟಿದೆ, ಹೃದಯದ ಸುತ್ತ ನೀರು ಸೇರಿದೆಯಾ ಎಂದು ಮೂರನ್ನೂ ಕೇಳಿ. ಅನುಮಾನ ಉಳಿದರೆ ಹೃದಯ ಸೋತಿದೆಯಾ ಎಂದು ಸುಳಿವು ಕೊಡುವ ಎನ್‌ಟಿ ಪ್ರೋ ಬಿಎನ್‌ಪಿ ಎಂಬ ರಕ್ತಪರೀಕ್ಷೆ ಮಾಡಿಸಬಹುದು. ರಿಪೋರ್ಟ್ ಬಂದ ಮೇಲೆ ಹೆಸರು ಮುಚ್ಚಿ, ಪೂರ್ತಿ ಹಾಳೆಯನ್ನು ಇಲ್ಲಿ ಹಾಕಿ, ನೋಡೋಣ.